ಟಿಕ್

ಜೆಪ್ಪುವಿನ ಅಪೊಲಿನ್ ಬಾಯಿ ನನ್ನ ಅಂಗಡಿಗೆ ಬಂದದ್ದು
ಗೂಡನ್ನೇ ರಿಕ್ಷಾದಲ್ಲಿ ಹಾಕಿಕೊಂಡು.
ಭವಂತಿ ರಸ್ತೆಯಲ್ಲಿ, ಮೆಟ್ಟಿಲಿನ ಅಡಿಯಲ್ಲಿ,
ಒಂದು ಕೊಡೆ ಬಿಡಿಸಿದರೆ ತುಂಬಿಹೋಗುವ ಅಂಗಡಿ ನನ್ನದು.
‘ದೇಜಪ್ಪಣ್ಣ, ಕಳ್ಳನಿಗಲ್ಲ,’ ಅಂದರು,
‘ಒಳಗಿರುವವನಿಗೆ ಒಂದು ಬೀಗ ಬೇಕು ಮಾರಾಯ್ರೆ.’

ಒಳಗಿದ್ದವನು ಪೆದ್ರು.
ಬೂದು ಮೈ, ಸುಣ್ಣ ಮೆತ್ತಿದಂಥ ಮುಖ,
ಬಾಲ ಮಾತ್ರ ಹಣ್ಣುಮೆಣಸಿನ ಕೆಂಪು.
ಹಡಗಿನಲ್ಲಿ ಅಡುಗೆಗಿದ್ದ ಅಣ್ಣ ತಂದದ್ದಂತೆ.
ಅಣ್ಣ ಹೋದರು, ಇವನು ಉಳಿದ.
ಒಂದೇ ಕಣ್ಣಲ್ಲಿ ನನ್ನನ್ನು ಅಳೆದು,
ಬಡ್ಡಿಗೆ ಕೊಡುವವರ ಗತ್ತಿನಲ್ಲಿ
‘ಏತ್ ಆಂಡ್?’ ಎಂದ.
ರಿಕ್ಷಾದವನನ್ನು ಕೇಳಿದ್ದೋ ನನ್ನನ್ನೋ ತಿಳಿಯಲಿಲ್ಲ.

ಮೊದಲು ಬಟ್ಟೆಯ ಕ್ಲಿಪ್ಪು ಇತ್ತಂತೆ, ಜಗಿದು ಹಾಕಿದ.
ಹುರಿ ಕಟ್ಟಿದರೆ ಗಂಟು ಬಿಚ್ಚಿದ. ಕಡಿಯಲಿಲ್ಲ, ಬಿಚ್ಚಿದ,
ಬಿಚ್ಚಿ ಹುರಿಯನ್ನು ನೀರಿನ ಬಟ್ಟಲಲ್ಲಿ ನೆನೆಹಾಕಿದ.
ನಾನು ಬೋಲ್ಟು ಕೂರಿಸಿ ನಟ್ಟು ಬಿಗಿದೆ.
ಮೂರನೇ ದಿನ ಫೋನು: ನಟ್ಟು ಕಾಳಿನ ತಟ್ಟೆಯಲ್ಲಿ,
ಪೆದ್ರು ಫ್ಯಾನಿನ ಎಲೆಯ ಮೇಲೆ.
ಎಡಕ್ಕೆ ತಿರುಗಿಸಿದರೆ ಸಡಿಲ ಎಂದು
ನನ್ನ ಮಗನಿಗೆ ಕಲಿಸಲು ಒಂದು ವರ್ಷ ಬೇಕಾಗಿತ್ತು.

ಹೊಟ್ಟೆಯಲ್ಲಿ ಕಿಚ್ಚು ಹತ್ತಿತು, ಸುಳ್ಳು ಯಾಕೆ.
ಎರಡು ರಾತ್ರಿ ಅರ ಹಿಡಿದು ಕೂತೆ.
ತನ್ನಿಂದ ತಾನೇ ಕೂರುವ ಸ್ಪ್ರಿಂಗಿನ ಬೀಗ,
ಕೊಕ್ಕು ನುಗ್ಗದ ಹಾಗೆ ಹಿತ್ತಾಳೆಯ ಮುಸುಕು.
ಕ್ರಿಸ್ಮಸ್ಸಿಗೆ ನಲವತ್ತು ಕಿಲೋ ಕುಸ್ವಾರಿನ ಆರ್ಡರು ಬಾಯಿಗೆ,
ಕೈ ಹಿಟ್ಟಲ್ಲಿ, ಕಣ್ಣು ಎಣ್ಣೆಯಲ್ಲಿ,
ಬಿಡುವಿದ್ದದ್ದು ಕಿವಿಗೆ ಮಾತ್ರ.
‘ಬಾಗಿಲು ದೂಡಿ. ಟಿಕ್ ಅಂದರೆ ಆಯಿತು,
ತಿರುಗಿ ನೋಡುವುದೇ ಬೇಡ,’ ಎಂದೆ.
ಹತ್ತು ಸಲ ತೋರಿಸಿದೆ. ಟಿಕ್. ಟಿಕ್.
ಪೆದ್ರು ತಲೆ ವಾಲಿಸಿ ಕೇಳಿಸಿಕೊಂಡ,
ಪಾಠ ಕಲಿಯುವವನ ಹಾಗಲ್ಲ,
ಮೇಷ್ಟ್ರ ತಪ್ಪು ಹುಡುಕುವವನ ಹಾಗೆ.
ಕಾಫಿ ಕುಡಿದೆ, ಎರಡು ನೆವ್ರಿ ತಿಂದೆ, ದುಡ್ಡು ತೆಗೆದುಕೊಂಡೆ.

ಹನ್ನೊಂದು ದಿನ ಸುದ್ದಿಯಿಲ್ಲ.
ಮತ್ತೆ ಫೋನು.
ಹೋಗಿ ನೋಡಿದರೆ ಬೀಗಕ್ಕೆ ಒಂದು ಗೀರೂ ಇಲ್ಲ.
‘ಟಿಕ್ ಕೇಳಿದ್ದು ಹೌದು, ಶಿಲುಬೆಯಾಣೆ,’ ಎಂದರು ಬಾಯಿ.
ಅವನನ್ನು ಒಳಗೆ ಬಿಟ್ಟು ಬಾಗಿಲು ದೂಡಿದರು.
ಟಿಕ್.
ಅವರು ಬಾಣಲೆಯ ಕಡೆ ತಿರುಗಿದರು.
ನಾನು ಕಂಡೆ:
ಚೌಕಟ್ಟಿನ ಸಂದಿಯಲ್ಲಿ ಒಂದು ಬೂದು ಕಾಲು,
ಬಾಗಿಲು ಕೂದಲೆಳೆಯಷ್ಟು ತೆರೆದೇ,
ಅಲುಗಿದ್ದು ಅವನ ಗಂಟಲು.
ಟಿಕ್ಕಿನ ಮೊದಲು ಒಂದು ಚೂರು ಕರಕರ ಇತ್ತು,
ನಾನು ಸರಿಯಾಗಿ ತೀಡದೆ ಬಿಟ್ಟ ಜಾಗ ಅದು,
ಲೋಕದಲ್ಲಿ ನನಗೊಬ್ಬನಿಗೇ ಗೊತ್ತಿದ್ದ ಸೋಮಾರಿತನ.
ಅದನ್ನೂ ಬಿಟ್ಟಿರಲಿಲ್ಲ ಮಹರಾಯ.

ಹೇಳಿದೆ. ಬಾಯಿ ನಗಲಿಲ್ಲ.
ಗ್ಯಾಸು ಸಣ್ಣ ಮಾಡಿ, ಸ್ಟೂಲು ಹತ್ತಿ,
ಕಪಾಟಿನ ತಲೆಯ ಮೇಲೆ ನೋಡಿದರು.
ಕಾಳಿನ ಸಿಪ್ಪೆ, ಒಂದು ಕೆಂಪು ಗರಿ,
ಅಣ್ಣನ ತಗಡಿನ ಪೆಟ್ಟಿಗೆ.
ಕೀಲಿ ಸಮುದ್ರದಲ್ಲೆಲ್ಲೋ ಹೋದದ್ದು.
ಅದರ ಬೀಗದ ಸುತ್ತ ಕೊಕ್ಕಿನ ಗೀರು,
ಹಳೆಯವು, ಹೊಸವು, ಬೆಳಿಗ್ಗೆಯವು.
ದಿನಾ ಕೆಲಸಕ್ಕೆ ಹೋಗಿ ಬರುತ್ತಿದ್ದ ಪೆದ್ರು,
ಸಂಜೆಗೆ ಗೂಡಿನಲ್ಲಿ ಹಾಜರು.

‘ತೆಗೆದು ಕೊಡಲಾ? ಎರಡು ನಿಮಿಷ.’
‘ಬೇಡ,’ ಎಂದರು, ‘ಅಷ್ಟು ಮಾಡಿದ್ದಾನೆ. ಅವನೇ ತೆಗೆಯಲಿ.
ನೀವು ಕಿಟಕಿಗಳಿಗೆ ಜಾಲರಿ ಹೊಡೆದು ಕೊಡಿ, ಸಾಕು.’
ಹಿಂದಿನಿಂದ ಯಾರೋ ‘ಏತ್ ಆಂಡ್?’ ಎಂದರು.

ಈಗ ರಾತ್ರಿ ಅಂಗಡಿಯ ಶಟರು ಎಳೆದು
ಬೀಗ ಒತ್ತುತ್ತೇನೆ. ಟಿಕ್ ಅನ್ನುತ್ತದೆ.
ಎರಡು ಹೆಜ್ಜೆ ಹೋಗಿ, ವಾಪಸು ಬಂದು, ಜಗ್ಗಿ ನೋಡುತ್ತೇನೆ.
ಮೂವತ್ತೊಂದು ವರ್ಷ ಜಗ್ಗಿದವನಲ್ಲ ನಾನು.