ಹೊಟ್ಟೆ ತುಂಬ, ಜಿಎಸ್‌ಟಿ ಬೇರೆ

ಹಂಪನಕಟ್ಟೆಯ ಇಳಿಜಾರು, ಎರಡನೇ ಮಾಳಿಗೆ.
ಲಿಫ್ಟು ಕೆಟ್ಟು ವರ್ಷವಾಯಿತು.
ಮೆಟ್ಟಿಲು ಹತ್ತಿದರೆ ಚೆನ್ನಾಗಿ ಹಸಿವಾಗಲಿ ಎಂದು
ಧನಿಗಳು ರಿಪೇರಿ ಮಾಡಿಸಿಲ್ಲವಂತೆ.
ಸುಳ್ಳು ಮಾರಾಯ್ರೆ. ಹಸಿದವರು ಬಂದರೆ
ಅವರಿಗೇ ನಷ್ಟ.

ಬಾಗಿಲ ಕಂಬದ ನೀಲಿ ಗೆರೆ ನಾನೇ ಎಳೆದದ್ದು:
ನಾಲ್ಕಡಿ.
ಕೆಳಗಿದ್ದರೆ ಮುನ್ನೂರು, ಮೇಲಿದ್ದರೆ ಆರುನೂರು,
ಆದಿತ್ಯವಾರ ಐವತ್ತು ಜಾಸ್ತಿ.

ಗೋಡೆಯಲ್ಲಿ ಬೋರ್ಡು.
ಒಂದೂವರೆ ಗಂಟೆ ಸಮಯ.
ಒಬ್ಬರ ತಟ್ಟೆಗೆ ಇನ್ನೊಬ್ಬರು ಕೈ ಹಾಕಬಾರದು.
ಕಟ್ಟಿಕೊಡುವುದಿಲ್ಲ.
ಬಿಟ್ಟರೆ ನೂರು ಗ್ರಾಮಿಗೆ ನೂರು ರೂಪಾಯಿ ದಂಡ.
ಇಗರ್ಜಿಯ ಹಾಗೆ ಇಲ್ಲಿಯೂ ಹತ್ತು ಕಟ್ಟಳೆ ಇದ್ದವು,
ಎರಡು ಎಣ್ಣೆಯ ಹಬೆಗೆ ಅಳಿಸಿಹೋಗಿವೆ,
ಯಾವ ಎರಡು ಎಂದು ಈಗ ಯಾರಿಗೂ ನೆನಪಿಲ್ಲ.

ಮೇಜಿನ ಸಾಲು ನೋಡಿದ್ದೀರಾ? ಅದರಲ್ಲಿ ಬುದ್ಧಿ ಉಂಟು.
ಮೊದಲು ಸೂಪು, ಮತ್ತೆ ನೂಡಲ್ಸು, ಫ್ರೈಡ್ ರೈಸು,
ನೀರುದೋಸೆಯ ಗೋಪುರ,
ಬಣ್ಣದ ಸೋಡ ಕೇಳಿದಷ್ಟು.
ಅಂಜಲ್ ಫ್ರೈ ಕಟ್ಟಕಡೆಗೆ, ಕಂಬದ ಮರೆಗೆ,
ಒಮ್ಮೆಗೆ ಆರೇ ತುಂಡು, ಇಕ್ಕಳ ಬಿಗಿ.
'ಕಾವಲಿಯಲ್ಲಿ ಉಂಟು, ಈಗ ಬರ್ತದೆ' ಎನ್ನಲಿಕ್ಕೆಂದೇ
ಒಬ್ಬ ಹುಡುಗನಿಗೆ ಸಂಬಳ.

ಎಲ್ಲ ಸರಾಸರಿ ಸಿಸಿಲಿ ಬಾಯಿ,
ಎನ್ನುತ್ತಾರೆ ಧನಿಗಳು, ಬೆರಳು ನೆಕ್ಕಿ ನೋಟು ಎಣಿಸುತ್ತ.
ದಕ್ಕೆಯಲ್ಲಿ ಐಸು ಹೊರುವ ಮೊಯ್ದಿನ್ ಕುಂಞಿ
ಬಟವಾಡೆಯ ಮರುದಿನ ಬರುತ್ತಾನೆ.
ಅನ್ನದ ಕಡೆ ತಿರುಗಿಯೂ ನೋಡುವುದಿಲ್ಲ.
ಇಪ್ಪತ್ತೆರಡು ತುಂಡು ಅಂಜಲ್,
ನಡುವೆ ಒಂದು ಗುಟುಕು ನೀರಿಲ್ಲ,
ಮುಳ್ಳುಗಳನ್ನು ತಟ್ಟೆಯ ಅಂಚಿಗೆ ಸಾಲಾಗಿ ಇಡುತ್ತಾನೆ
ರಸೀದಿ ಕೊಟ್ಟ ಹಾಗೆ.
ಎಲ್ಲೈಸಿಯ ಗುಲಾಬಿ ಟೀಚರ ತಂಗಿ ಬರುತ್ತಾರೆ:
ಮೂರು ಚಮಚ ಅನ್ನ, ಒಂದಿಷ್ಟು ಸಾರು,
ಐಸ್‌ಕ್ರೀಮನ್ನು ದೂರದಿಂದ ನೋಡಿ ಶುಗರ್ ಎನ್ನುತ್ತಾರೆ,
ಆರುನೂರು ಕೊಟ್ಟು ಮೆಟ್ಟಿಲಿಳಿಯುತ್ತಾರೆ.
ಅವನ ಹದಿನೈದನೇ ತುಂಡು ಇವರದ್ದು.
ಇಬ್ಬರೂ ಮುಖ ನೋಡಿದವರಲ್ಲ,
ಅವರ ಪರಿಚಯ ನನ್ನ ಗಲ್ಲಾಪೆಟ್ಟಿಗೆಯೊಳಗೆ ಮಾತ್ರ.

ಆ ಐಸಿನವನನ್ನು ಇನ್ನು ಒಳಗೆ ಬಿಡಬೇಡಿ ಎಂದರು ಧನಿಗಳು.
ಬೋರ್ಡಿನಲ್ಲಿ ಬೇಕಾದಷ್ಟು ಎಂದು ಬರೆದುಂಟಲ್ಲ ಎಂದೆ.
'ಬೇಕಾದಷ್ಟು ಅಂದರೆ
ನಮಗೆ ಬೇಕಾದಷ್ಟು.'

ಇರಲಿ. ನಾನು ಹೇಳಬೇಕೆಂದದ್ದು ಆ ಹುಡುಗಿಯ ಸಂಗತಿ.
ಬಿಕರ್ನಕಟ್ಟೆಯ ದರ್ಜಿ ಲೋಕಯ್ಯನ ಮಗಳು,
ಹುಟ್ಟಿದ ದಿನಕ್ಕೆ ವರ್ಷಕ್ಕೊಮ್ಮೆ ಬರುವವಳು.
ಅಪ್ಪನೇ ಹೊಲಿದ ಫ್ರಾಕು, ಹಿಮ್ಮಡಿಯವರೆಗೆ ಉದ್ದ.
ಗೆರೆಯ ಕೆಳಗೆ ನಿಂತಾಗ
ಅದರ ಅಂಚು ನೆಲದಲ್ಲಿ ಅರಳುತ್ತಿತ್ತು.
ಒಳಗೆ ಮೊಣಕಾಲು ಮಡಚಿದೆ ಎಂದು
ಹೊಲಿದವನಿಗೆ ಗೊತ್ತು, ನನಗೆ ಗೊತ್ತು.
ಎರಡು ವರ್ಷ ಮುನ್ನೂರೇ ಬರೆದೆ.

ಈ ಸಲ ಬಂದಳು. ಅದೇ ಉದ್ದದ ಫ್ರಾಕು, ಬೇರೆ ಬಣ್ಣ.
ಭುಜದ ಮೇಲಿದ್ದ ಅಪ್ಪನ ಕೈ ಮೆಲ್ಲನೆ ಒತ್ತಿತು.
ಅವಳು ಆ ಕೈಯನ್ನು ಎತ್ತಿ ಬದಿಗಿಟ್ಟಳು.
ನೆಟ್ಟಗೆ ನಿಂತಳು, ಗೆರೆಗಿಂತ ಮೂರು ಬೆರಳು ಮೇಲೆ.
'ಆಂಟಿ, ನನಗೆ ಫುಲ್.'

ಲೋಕಯ್ಯ ಪರ್ಸಿನ ಎರಡನೇ ಖಾನೆ ತೆರೆದ,
ಹತ್ತರ ನೋಟುಗಳನ್ನು ಎರಡು ಸಲ ಎಣಿಸಿದ.
ನಾನು ಕಂಪ್ಯೂಟರನ್ನು ನೋಡಿದೆ.
ಇನ್ನೊಂದು ವರ್ಷ ಬಗ್ಗಬಾರದಿತ್ತಾ ಎಂದು
ಬಾಯಿಗೆ ಬಂದ ಮಾತನ್ನು ನುಂಗಿದೆ, ಅದಕ್ಕೆ ದರ ಇಲ್ಲ.

ತಿಂದದ್ದು ಎರಡು ನೀರುದೋಸೆ, ಒಂದು ಬಟ್ಟಲು ಐಸ್‌ಕ್ರೀಮು.
ಅಪ್ಪ ಅಂಜಲಿಗಾಗಿ ಕಂಬದ ಮರೆಯಲ್ಲಿ
ಖಾಲಿ ತಟ್ಟೆ ಹಿಡಿದು ನಿಂತೇ ಇದ್ದ,
ಈಗ ಬರ್ತದೆ, ಈಗ ಬರ್ತದೆ.

ರಾತ್ರಿ ಉಳಿದದ್ದನ್ನೆಲ್ಲ
ಪೊಂಪೈ ಪೊರ್ಬುವಿನ ನೀಲಿ ಡ್ರಮ್ಮಿಗೆ ಸುರಿಯುತ್ತೇವೆ.
ಅವನ ಹಂದಿಗಳಿಗೆ ಗೆರೆ ಇಲ್ಲ, ಗಂಟೆ ಇಲ್ಲ,
ಬಿಟ್ಟರೆ ದಂಡವಿಲ್ಲ.
ತಿನ್ನಲಿ, ಎನ್ನುತ್ತಾನೆ, ಡ್ರಮ್ಮಿಗೆ ಹಗ್ಗ ಬಿಗಿಯುತ್ತ,
ಕ್ರಿಸ್ಮಸಿಗೆ ಹೇಗೂ
ತೂಕದಲ್ಲಿ ಲೆಕ್ಕ.