ಮೂಗಿದ್ದ ಬಲ್ಬು

ಹಾಸನದ ಪೆನ್ಷನ್ ಮೊಹಲ್ಲಾದಲ್ಲಿ ದಸ್ತಗೀರ್ ಸಾಬರ ಅಂಗಡಿ.
ಬಿಚ್ಚಿಟ್ಟ ಫ್ಯಾನು, ಸುಟ್ಟ ಮೋಟರಿನ ವಾಸನೆ.
ಮೇಲಿನ ಹಲಗೆಯಲ್ಲಿ ಹತ್ತಿ ಹಾಸಿದ ಬಿಸ್ಕತ್ತಿನ ಡಬ್ಬಿ,
ಅದರೊಳಗೆ ಮಾರಾಟಕ್ಕಿಲ್ಲದ ನಾಲ್ಕು ಬಲ್ಬು.

ನಾನು ಹೋದದ್ದು ಮನೆಯ ಬಲ್ಬು ಹಿಡಿದು.
ಕಿವಿಯ ಹತ್ತಿರ ಅಲ್ಲಾಡಿಸಿದರು: ಟಿಣ್.
"ಹೋಗಿದೆ ಕಣಪ್ಪಾ. ಪೂರ್ತಿ ಹೋಗಿಲ್ಲ. ಕೂತ್ಕೊ."

ಮೊದಲನೆಯದಕ್ಕೆ ನೆತ್ತಿಯ ಮೇಲೊಂದು ಮೂಗು.
ಒಳಗಿನ ಗಾಳಿಯನ್ನೆಲ್ಲ ಹೀರಿ
ಗಾಜು ಕರಗಿಸಿ ಬಾಯಿ ಮುಚ್ಚಿದ ಜಾಗವಂತೆ.
"ಇದು ಉಸಿರಾಡಿದ ದಿನವೇ ಸಾಯುತ್ತೆ,
ನಮಗೆ ಉಲ್ಟಾ."
ಒಳಗೆ ಹೇರ್‌ಪಿನ್ನಿನ ಹಾಗೆ ಬಗ್ಗಿದ ಒಂದೇ ಕಪ್ಪು ಎಳೆ,
ಬಿದಿರು ಸೀಳಿ, ಸುಟ್ಟು, ಇದ್ದಿಲಾಗಿಸಿದ್ದು.
ಉರಿದುರಿದು ತನ್ನ ಮಸಿಯನ್ನು ತಾನೇ
ಗಾಜಿಗೆ ಬಳಿದುಕೊಂಡಿದೆ, ಒಳಗಡೆಯಿಂದ.
ಅಮ್ಮ ಲಾಟೀನು ಉಜ್ಜುವ ಬೂದಿ ಅಲ್ಲಿಗೆ ತಲುಪುವುದಿಲ್ಲ.

ಎಳೆ ಕಾಲೂರಿದ ಕಡೆ, ಗಾಜಿನ ಮೈಯಲ್ಲಿ,
ಭತ್ತದ ಮುಳ್ಳಿನಷ್ಟು ಪ್ಲಾಟಿನಂ.
ಅಕ್ಕಸಾಲಿ ತಿಪ್ಪಾಚಾರಿ ಎರಡು ಸಲ ಕೇಳಿದ್ದನಂತೆ:
ಒಡೆದು ಕೊಡಿ, ತೂಕ ಹಾಕ್ತೀನಿ.
"ಗಾಜು ಕಾದಾಗ ಎಷ್ಟು ಹಿಗ್ಗುತ್ತೋ ಅಷ್ಟೇ ಹಿಗ್ಗೋ ತಂತಿ
ಆಗ ಇದೊಂದೇ ಗೊತ್ತಿದ್ದದ್ದು.
ಬೇರೆ ಹಾಕಿದ್ರೆ ಗಾಜು ಬಿರಿಯೋದು.
ಇಂಥ ಜೋಡೀನ ಒಡೀತಾರೇನಯ್ಯಾ?" ಎಂದವರು
ಒಳಮನೆಯ ಕಡೆ ನೋಡಿ ಸುಮ್ಮನಾದರು.

ಎರಡನೆಯದರಲ್ಲಿ ಟಂಗ್‌ಸ್ಟನ್.
ಗಾಜಿನ ಕಂಬ, ಕಂಬಕ್ಕೆ ಕೊಕ್ಕೆ,
ಮೇಲೆ ಕೆಳಗೆ ಮೇಲೆ ಕೆಳಗೆ
ಮಂಚಕ್ಕೆ ನವಾರು ಬಿಗಿದ ಹಾಗೆ ತಂತಿ.
ಮೂರನೆಯದರಲ್ಲಿ ಅದೇ ತಂತಿ ಸುರುಳಿ ಸುತ್ತಿಕೊಂಡು
ಬೆರಳಗಲಕ್ಕೆ ಇಳಿದಿದೆ.
ಮೂಗು ಹಿತ್ತಾಳೆ ಟೋಪಿಯೊಳಗೆ ಅಡಗಿದೆ.
ಖಾಲಿ ಇದ್ದಲ್ಲಿ ಆರ್ಗಾನ್,
"ಯಾರ ಜೊತೆಗೂ ಸೇರದ ಸೋಮಾರಿ ಗಾಳಿ.
ಸುಮ್ಮನೆ ಕೂತಿರೋದೇ ಅದರ ಕೆಲಸ."
ನಾಲ್ಕನೆಯದು ಸುರುಳಿಯನ್ನೇ ಮತ್ತೆ ಸುರುಳಿ ಸುತ್ತಿದ್ದು,
ಅಷ್ಟರಲ್ಲಿ ಗಿರಾಕಿ ಬಂದ.

ಆಮೇಲೆ ನನ್ನ ಬಲ್ಬನ್ನು ಹೋಲ್ಡರಿಗೆ ಸಿಕ್ಕಿಸಿ, ಸ್ವಿಚ್ಚು ಹಾಕಿ,
ಎಣ್ಣೆ ಹಚ್ಚುವಾಗ ಮಗುವಿನ ತಲೆ ವಾಲಿಸುವಂತೆ ವಾಲಿಸಿದರು.
ತುಂಡಾದ ತುದಿ ತೂಗಿತು, ತಡಕಿತು,
ತಗುಲಿತು.
"ಎಳೆ ಗಿಡ್ಡ ಆಯ್ತು. ಮೊದಲಿಗಿಂತ ಜೋರು ಉರಿಯುತ್ತೆ.
ಜಾಸ್ತಿ ದಿನ ಇರಲ್ಲ."
ಎಸ್ಸೆಸ್ಸೆಲ್ಸಿ ಪರೀಕ್ಷೆ ಹನ್ನೊಂದು ದಿನ.
ಅದು ಒಂಬತ್ತು ದಿನ ಇತ್ತು.

ಪಾಸಾದದ್ದು ಹೇಳಲು ಹೋದಾಗ
ಬಾಗಿಲು ಅರ್ಧ ಎಳೆದು, ಮೂಗಿನ ಬಲ್ಬಿಗೆ
ಕರೆಂಟು ತಗ್ಗಿಸಿ ತಗ್ಗಿಸಿ ಕೊಟ್ಟರು.
ಮಸಿಯ ಹಿಂದೆ ಎಳೆ ಮೆಲ್ಲಗೆ ಕೆಂಪಾಯಿತು,
ಬೀಡಿಯ ತುದಿಯಷ್ಟು.
ಅಂಕಪಟ್ಟಿ ಓದುವಷ್ಟು ಬೆಳಕಿರಲಿಲ್ಲ.
ಬೆಳಕನ್ನು ನೋಡುವಷ್ಟಿತ್ತು.