ಒಂದು ಮೊಳ, ಎರಡು ಬೆರಳು

ಲೋಬೊ ಸರ್ ಮೊದಲು ಬಂದದ್ದು
ಕೈಯಲ್ಲಿ ಹಿಡಿಯುವ ರೇಡಿಯೋಕ್ಕೊಂದು ಅಂಗಿ ಹೊಲಿಸಲು.
ದುರ್ಗಿಗುಡಿಯ ನನ್ನ ಅಂಗಡಿಯಲ್ಲಿ ಅಳತೆ ಕೊಟ್ಟವರಲ್ಲಿ
ಕೈಕಾಲಿಲ್ಲದ ಗಿರಾಕಿ ಅದೊಂದೇ.
ಟೇಪು ಸುತ್ತುವಾಗ ಗೊರಗೊರ ಅಂದು
ಯಾರದೋ ಹೆಸರು ಕೇಳಿತು.
ನಾನು ನನ್ನದು ಹೇಳಿಬಿಟ್ಟೆ.

"ಗುಂಡಿ ಒತ್ತದೆ ಹೇಳಿದರೆ ಕೇಳಿಸಲ್ಲಮ್ಮ,
ಲೈಸೆನ್ಸಿಲ್ಲದೆ ಒತ್ತೋ ಹಾಗಿಲ್ಲ."

ಈಗ ಲೈಸೆನ್ಸಿದೆ. ಎರಡು ವರ್ಷ
ಕಾಜಾ ಹಾಕುತ್ತ ಓದಿದ ಓಮನ ನಿಯಮ,
ವಿಯು ತ್ರೀಯಿಂದ ಶುರುವಾಗುವ ಇನ್ನೊಂದು ಹೆಸರು.
ರೇಡಿಯೋನೂ ಬಂತು, ನೆತ್ತಿಯ ಮೇಲೆ
ಚೋಟುದ್ದದ ರಬ್ಬರ್ ಬಾಲ ಹೊತ್ತು.
ಅದರಲ್ಲಿ ಕರೆದರೆ
ಗೋಪಿ ಸರ್ಕಲ್ ದಾಟುವಷ್ಟರಲ್ಲಿ ಮಾತಿಗೆ ಏದುಸಿರು.
ಭದ್ರಾವತಿಯ ಕಾಗದನಗರದಲ್ಲಿ ಸರ್
ರಾತ್ರಿ ಹತ್ತೂವರೆಗೆ ಕಾಯುತ್ತಾರೆ.
ನನ್ನದು ಅಲ್ಲಿ ಒಲೆ ಊದಿದಂತೆ ಕೇಳುತ್ತದಂತೆ.

ಆಂಟೆನಾ ಬೇಕು. ಯಾವುದು?
ಮೀನಿನ ಮುಳ್ಳಿನಂಥ ಯಾಗಿ, ತಿರುಗಿಸಿದ ಕಡೆಗೇ ಜೀವ.
ನನಗಿನ್ನೂ ಯಾರು ಎಲ್ಲಿದ್ದಾರೆಂದೇ ಗೊತ್ತಿಲ್ಲ;
ಮದುವೆಮನೆಗೆ ಹೊಸದಾಗಿ ಬಂದವಳು
ಒಬ್ಬರ ಮುಖವನ್ನೇ ನೋಡುತ್ತ ಕೂತರೆ ಹೇಗೆ?
ಆಯಸ್ಕಾಂತದ ಬುಡದ್ದು ಕಾರಿದ್ದವರಿಗೆ.
ಎರವಲು ತಂದು ಬೀರುವಿನ ಮೇಲೆ ಅಂಟಿಸಿದೆ,
ಪರವಾಗಿಲ್ಲ, ಪಕ್ಕದ ಮನೆಯ ಸ್ಪೀಕರ್ ಮಾತ್ರ
ನನ್ನ ದನಿಯಲ್ಲಿ ಬೈಯತೊಡಗಿತು.
ನಾಲ್ಕು ಸಾವಿರದ ಬಿಳಿ ಕೋಲೊಂದಿದೆ, ತುಂಬ ಚೆಂದ.
ನಾಲ್ಕು ಸಾವಿರಕ್ಕೆ ಎಷ್ಟು ರವಿಕೆ ಎಂದು
ಲೆಕ್ಕ ಹಾಕುವುದು ನನ್ನ ಕೆಟ್ಟ ಚಟ.

"ಅಲೆ ಎರಡು ಮೀಟರ್. ಕಾಲು ಭಾಗ ಸಾಕು" ಅಂದರು ಸರ್.
ಎರಡು ಮೀಟರೆಂದರೆ ಹೆಚ್ಚುಕಮ್ಮಿ ಒಂದು ಮಾರು.
ಮಾರಿನ ಕಾಲು, ಮೊಳ.
ಗಾಂಧಿ ಬಜಾರಿನಲ್ಲಿ ಸೇವಂತಿಗೆ ಅಳೆಯುವ ನಿಂಗವ್ವನ ಜೊತೆ
ಇಷ್ಟು ವರ್ಷ ಜಗಳವಾಡಿದ್ದು ಇದೇ ಅಳತೆಗಾ!
ಅವಳ ಮೊಳ ಗಿಡ್ಡ, ಬೆರಳೆರಡು ನುಂಗುತ್ತಾಳೆ.
ಇದು ನುಂಗಗೊಡದು: ನಲವತ್ತೊಂಬತ್ತು ಸೆಂಟಿಮೀಟರ್.

ಆಟೋ ಕಾಂಪ್ಲೆಕ್ಸಿನಲ್ಲಿ ಹಿತ್ತಾಳೆ ಕಡ್ಡಿ ಐದು, ಒಂದು ಸಾಕೆಟ್ಟು.
ನಡುವಿನದು ನೆಟ್ಟಗೆ, ನಾಲ್ಕು ಕೆಳಕ್ಕೆ ಬಾಗಿ:
ಬಟ್ಟೆ ಹಾರಿಹೋದ ಕೊಡೆ.
ಬೆಸುಗೆ ಹಾಕಿಕೊಟ್ಟ ನಾಸಿರ್ ಇದೇನೆಂದು ಕೇಳಲಿಲ್ಲ.
ಟೀ ಕುಡಿದು, "ಇನ್ನೊಂದು ಮಾಡಿದರೆ ಮಾರಬಹುದಾ?" ಅಂದ.

ಮೊದಲು ಉದ್ದವೇ ಇಟ್ಟೆ.
ಇದನ್ನು ನನಗೆ ಯಾರೂ ಹೇಳಿಕೊಡಬೇಕಿರಲಿಲ್ಲ.
ಮೀಟರಿನ ಮುಳ್ಳು ನೋಡುತ್ತ, ಒಂದೊಂದು ಅಕ್ಕಿಕಾಳಿನಷ್ಟು
ಅರದಲ್ಲಿ ಉಜ್ಜಿದೆ. ಎರಡು. ಒಂದೂ ಮುಕ್ಕಾಲು. ಒಂದೂವರೆ.
ಒಂದೂಕಾಲಿಗೆ ನಿಲ್ಲಿಸಿದೆ.
ಸರಿಮಾಡುತ್ತ ಸರಿಮಾಡುತ್ತ
ತೋಳನ್ನೇ ಕಳಕೊಂಡ ರವಿಕೆಗಳು ನೆನಪಿವೆ.

ಇದೇ ಕಡ್ಡಿ ಯುಎಚ್‌ಎಫ್‌ನಲ್ಲೂ ಮಾತಾಡುತ್ತದಂತೆ,
ಮೂರು ಪಟ್ಟಿನ ಏನೋ ಲೆಕ್ಕ, ನನಗೆ ಅರ್ಥವಾದದ್ದು ಅರ್ಧ.
ಕೇಬಲ್ ಗಿಡ್ಡವಿರಲಿ ಎಂದದ್ದು ಪೂರ್ತಿ ಅರ್ಥವಾಯಿತು.
ಉದ್ದ ದಾರಿಯಲ್ಲಿ ಚಾಡಿ ಬೆಳೆಯುತ್ತದೆ,
ಮಾತು ಸವೆಯುತ್ತದೆ.

ಗೋಡೆಗೆ ತೂತು ಕೂಡದೆಂದು ಮನೆಯೊಡತಿಯ ಕಟ್ಟಪ್ಪಣೆ.
ತಾರಸಿಯ ನೀರಿನ ಟ್ಯಾಂಕಿಗೆ ಪಿವಿಸಿ ಪೈಪು ನಿಲ್ಲಿಸಿ
ಲಂಗದ ಲಾಡಿಯಿಂದ ಆರು ಸುತ್ತು ಬಿಗಿದೆ.
ಹತ್ತೂವರೆ. ಕರೆದೆ. ಇನ್ನೊಮ್ಮೆ ಕರೆದೆ.
ಕಾಗದನಗರದಲ್ಲಿ ಕರೆಂಟಿರಲಿಲ್ಲವೆಂದು
ಮರುದಿನವಷ್ಟೇ ತಿಳಿಯಿತು.

ಮೂರನೆಯ ಸಲ ಉತ್ತರ ಬಂದದ್ದು
ನಾನು ಮುಖ ಮಾಡಿರದ ದಿಕ್ಕಿನಿಂದ,
ಹೊಳಲೂರಿನಿಂದ, ಕೆಮ್ಮುತ್ತ, ಯಾರೋ ಹಿರಿಯರು:
"ಹೊಸ ದನಿ. ಹೆಸರೇನಮ್ಮ?"

ಕುಸುಮಾಕ್ಷಿ, ಅಂದೆ. ಗುಂಡಿ ಒತ್ತಿಯೇ ಅಂದೆ.
ಅಂದು, ಬಿಡುವುದು ಮರೆತೆ.
ಸ್ವಲ್ಪ ಹೊತ್ತು ಅವರಿಗೆ
ನಮ್ಮ ಬೀದಿಯ ನಾಯಿ ಕೇಳಿಸಿರಬೇಕು.